ಕುಲಕ್ಕೆ ಒತ್ತಿದ ಮುದ್ರೆ

ಮನುಷ್ಯನನ್ನು ನೋಡುವದಕ್ಕಿಂತ ಮೊದಲೇ ಅವನ ವಿಷಯಕ್ಕೆ ತೀರ್ಪು ಹೇಳಿಬಿಡುವ ರೂಢಿಯು ನಮ್ಮ ನಾಡಿಗೆ ಹೊಸದಲ್ಲ. ಕುಲದ ಹೆಸರು ಕಿವಿಗೆ ಬಿದ್ದ ಕೂಡಲೆ ಸ್ವಭಾವದ ಯಾದಿಯೊಂದು ಮನಸ್ಸಿನಲ್ಲಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಇಂಥ ಜಾತಿಯವನು ಜಿಪುಣ, ಇಂಥವನು ಜಗಳಗಂಟ, ಇಂಥವನು ಅಂಜುಬುರುಕ, ಇಂಥವನ ಕೈ ಶುದ್ಧವಲ್ಲ. ಜಮಖಂಡಿಯ ಪೇಟೆಯಲ್ಲಿಯಾಗಲಿ, ಮುಧೋಳದ ಸಂತೆಯಲ್ಲಿಯಾಗಲಿ, ಬೀಳಗಿಯ ಚಾವಡಿಯ ಕಟ್ಟೆಯ ಮೇಲಾಗಲಿ, ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿಯಾಗಲಿ ಒಂದು ತಾಸು ಕುಳಿತು ಕಿವಿಗೊಟ್ಟರೆ ಈ ಯಾದಿಯು ಸಂಪೂರ್ಣವಾಗಿ ಕೇಳಸಿಗುವದು. ಹಾಗೆ ಮಾತಾಡುವವರು ದುಷ್ಟರೆಂದು ನಾವು ಹೇಳುವದಿಲ್ಲ. ಮನೆಗೆ ಬಂದವರಿಗೆ ನೀರು ಕೊಟ್ಟು ಆದರಿಸುವ ಸಜ್ಜನರೇ ಅವರು. ಆದರೂ ಮಾತಾಡುತ್ತಾರೆ, ಮಗ್ಗುಲಲ್ಲಿ ಕುಳಿತ ಮಕ್ಕಳು ಕೇಳುತ್ತಾರೆ.

ಇದನ್ನು ಬರೆಯುವ ನಮ್ಮನ್ನೂ ಈ ದೋಷವು ಬಿಟ್ಟಿಲ್ಲವೆಂದು ಮೊದಲೇ ಒಪ್ಪಿಕೊಳ್ಳುವದು ಒಳಿತು. ಜಮಖಂಡಿಯಿಂದ ವಿಜಾಪುರಕ್ಕೆ ಹೊರಟ ಬಸ್ಸಿನಲ್ಲಿ ಒಮ್ಮೆ ವೃದ್ಧನೊಬ್ಬನು ನಮ್ಮ ಪಕ್ಕದಲ್ಲಿ ಬಂದು ಕುಳಿತನು. ಮಳೆ, ಬೆಳೆ, ಕಬ್ಬಿನ ದರ ಇವುಗಳ ಮಾತು ಮುಗಿದ ಮೇಲೆ ನಮ್ಮ ಕಡೆಯ ಪದ್ಧತಿಯಂತೆ ಊರು ಮನೆತನಗಳನ್ನು ಕೇಳಿದೆವು. ತಾನು ಗಂಟಿಚೋರರ ಪೈಕಿಯವನೆಂದು ಆತನು ಸಂಕೋಚವಿಲ್ಲದೆ ಹೇಳಿದನು. ಮರುಗಳಿಗೆಯಲ್ಲಿಯೇ ನಮ್ಮ ಕೈ ಕಾಲಬಳಿಯಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಿತು. ಬುದ್ಧಿಯ ಅಪ್ಪಣೆಯನ್ನು ಕೈ ಕಾಯಲಿಲ್ಲ. ಆತನು ಅದನ್ನು ಕಂಡನು. ಕಂಡೂ ಕಾಣದವನಂತೆ ಕಿಟಕಿಯ ಕಡೆಗೆ ಮುಖ ತಿರುಗಿಸಿದನು. ಕೃಷ್ಣೆಯ ಸೇತುವೆಯನ್ನು ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣವಾಗಿದೆ.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿಯತಕ್ಕದ್ದು. ಮುದ್ರಣಾಲಯಗಳಲ್ಲಿ ಬಿಡಿಬಿಡಿಯಾದ ಮೊಳೆಗಳನ್ನು ಜೋಡಿಸಿದ ಮೇಲೆ ಇಡೀ ಪುಟದ ಅಚ್ಚನ್ನು ಒಂದೇ ಲೋಹದ ತಗಡಿನಲ್ಲಿ ಎರಕಹೊಯ್ಯುವ ಪದ್ಧತಿಯಿತ್ತು. ಅದರಿಂದ ಸಾವಿರ ಪ್ರತಿಗಳನ್ನು ತೆಗೆಯಬಹುದು, ಆದರೆ ಒಂದಕ್ಷರವನ್ನೂ ತಿದ್ದಲು ಬಾರದು. ಅಮೇರಿಕೆಯ ಪತ್ರಕರ್ತನಾದ ವಾಲ್ಟರ್ ಲಿಪ್‌ಮನ್ನನು 1922ರಲ್ಲಿ ಈ ತಗಡಿನ ಹೆಸರನ್ನೇ ಮನಸ್ಸಿನ ಒಂದು ಅಭ್ಯಾಸಕ್ಕೆ ಇಟ್ಟನು. ನಾವು ಅದನ್ನು ಪಡಿಯಚ್ಚು ಎನ್ನೋಣ. ಒಂದು ಗುಂಪಿನವರೆಲ್ಲರೂ ಇಂಥವರೇ ಎಂಬ ತಿದ್ದಲಾಗದ ಚಿತ್ರವೇ ಪಡಿಯಚ್ಚು. ಆ ಗುಂಪಿನವರ ವಿಷಯದಲ್ಲಿ ಮೊದಲೇ ಗಟ್ಟಿಯಾಗಿ ಕುಳಿತ ಅಸಹ್ಯ, ಅಂಜಿಕೆ ಅಥವಾ ತಾತ್ಸಾರವು ಪೂರ್ವಗ್ರಹ. ‘ಅವರು ಇಂಥವರು’ ಎಂದು ಪಡಿಯಚ್ಚು ಹೇಳುವದು. ‘ಆದುದರಿಂದ ಅವರು ನಮಗೆ ಬೇಡ’ ಎಂದು ಪೂರ್ವಗ್ರಹವು ಮುಗಿಸುವದು.

ಮೊದಲು ತಪ್ಪು ತಿಳುವಳಿಕೆ, ಅದರಿಂದ ದ್ವೇಷ. ಸರಿಯಾದ ತಿಳುವಳಿಕೆಯನ್ನು ಕೊಟ್ಟರೆ ದ್ವೇಷವು ತಾನಾಗಿ ಕರಗುವದು ಎಂದು ಸಾಮಾನ್ಯವಾಗಿ ವಿದ್ಯಾವಂತರ ನಂಬಿಕೆ. ಈ ನಂಬಿಕೆಯು ಅರ್ಧ ಮಾತ್ರ ಸತ್ಯ. ಕಾಟ್ಝ್ ಮತ್ತು ಬ್ರೇಲಿ ಎಂಬಿಬ್ಬರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನೂರು ಜನ ವಿದ್ಯಾರ್ಥಿಗಳ ಮುಂದೆ ಗುಣಗಳ ಯಾದಿಯೊಂದನ್ನಿಟ್ಟು, ಹತ್ತು ಜನಾಂಗಗಳಿಗೆ ಯಾವ ಯಾವ ಗುಣ ಒಪ್ಪುವದೆಂದು ಆರಿಸಲು ಹೇಳಿ, ಅದರ ಫಲವನ್ನು 1933ರಲ್ಲಿ ಪ್ರಕಟಿಸಿದರು. ತುರ್ಕರು ಕ್ರೂರಿಗಳೆಂದು ಆ ಹುಡುಗರು ಆರಿಸಿದರು. ತುರ್ಕನೊಬ್ಬನ ಮುಖವನ್ನಾದರೂ ಕಂಡವರು ಅವರಲ್ಲಿ ತೀರ ವಿರಳ. ಅನುಭವವೇ ಪಡಿಯಚ್ಚಿನ ತಾಯಿಯಾಗಿದ್ದರೆ ಈ ಒಮ್ಮತವು ಎಲ್ಲಿಂದ ಬಂದಿತು? ಕೇಳಿದ್ದರಿಂದ, ಓದಿದ್ದರಿಂದ, ದೊಡ್ಡವರ ಬಾಯಿಂದ ಬಂದಿತು. ಹಾಗಾದರೆ ದೊಡ್ಡವರು ಆ ಮಾತನ್ನು ಯಾತಕ್ಕೆ ಆಡಲಾರಂಭಿಸಿದರು ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಹುಡುಕಲು ಸಮುದ್ರ ದಾಟಬೇಕಾಗಿಲ್ಲ. ಮುಧೋಳ ತಾಲೂಕಿನ ಹಲಗಲಿಯವರೆಗೆ ಹೋದರೆ ಸಾಕು.

ಹಲಗಲಿಯ ಬೇಡರು ಯಾರು? ಅರಸರಿಗೂ ಪಾಳೆಯಗಾರರಿಗೂ ಕಾಲಾಳುಗಳಾಗಿ ಕಾದಿದವರ, ಊರಿನ ಕಾವಲು ಮಾಡಿದವರ ಕುಲ ಅವರದು. ಹತ್ಯಾರವೇ ಅವರ ಅನ್ನ, ಹತ್ಯಾರವೇ ಅವರ ಮಾನ. ಸೈನ್ಯಕ್ಕೆ ಕಾಲಾಳುಗಳು ಬೇಕಾಗಿದ್ದ ಕಾಲದಲ್ಲಿ ಇದಕ್ಕೆ ಶೌರ್ಯವೆಂದು ಹೆಸರಿತ್ತು. 1857ರಲ್ಲಿ ಕಂಪನಿ ಸರಕಾರವು ಅಪ್ಪಣೆಯಿಲ್ಲದೆ ಯಾರೂ ಹತ್ಯಾರ ಇಡಕೂಡದೆಂದು ಕಾಯಿದೆ ಮಾಡಿತು. ಹಲಗಲಿಯವರು ಒಪ್ಪಿಸಲಿಲ್ಲ. ನವೆಂಬರ ತಿಂಗಳ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆ ಸಿಕ್ಕವರಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಡಿಸೆಂಬರ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲಿಯೇ 6 ಜನರನ್ನು. ಜನರು ಲಾವಣಿ ಕಟ್ಟಿ ಹಾಡಿದರು. ಶಾಸನ ಸಂಶೋಧಕನಾದ ಫ್ಲೀಟನು ಅದನ್ನು ಸಂಗ್ರಹಿಸಿ ಅಚ್ಚಿಗೆ ಕೊಟ್ಟನು.

ಈಗ ವಿಚಾರಿಸಿರಿ. 1856ರ ಬೇಡನಿಗೂ 1858ರ ಬೇಡನಿಗೂ ಸ್ವಭಾವದಲ್ಲಿ ಏನು ಭೇದವಾಯಿತು? ಏನೂ ಆಗಲಿಲ್ಲ. ಆಳುವವರಿಗೆ ಬೇಕಾದದ್ದು ಮಾತ್ರ ಬದಲಾಯಿತು. ಹಿಂದಿನವರಿಗೆ ಶೂರನಾಗಿದ್ದವನು ಇಂದಿನವರಿಗೆ ಪುಂಡನಾದನು. ಮೊದಲು ಹಿತಾಸಕ್ತಿ, ಆ ಮೇಲೆ ಅದಕ್ಕೆ ಸಮರ್ಥನೆಯಾಗಿ ಪಡಿಯಚ್ಚು: ಎಷ್ಟೋ ಸಲ ಸಂಗತಿಯ ಕ್ರಮವು ಇದೇ. ಯಾರ ಹೊಲವನ್ನು ಕಸಿಯಬೇಕಾಗಿದೆಯೋ ಅವರು ಸೋಮಾರಿಗಳು; ಯಾರಿಗೆ ಕೂಲಿ ಕಡಿಮೆ ಕೊಡಬೇಕಾಗಿದೆಯೋ ಅವರು ಮೈಗಳ್ಳರು; ಯಾರನ್ನು ಬಾವಿಯಿಂದ ದೂರವಿಡಬೇಕಾಗಿದೆಯೋ ಅವರು ಹೊಲಸರು. ಅನ್ಯಾಯವನ್ನು ಮಾಡುವ ಮನುಷ್ಯನಿಗೂ ರಾತ್ರಿ ನಿದ್ದೆ ಬರಬೇಕಲ್ಲ! ಪಡಿಯಚ್ಚು ಅವನಿಗೆ ನಿದ್ದೆಯ ಔಷಧವಾಗುತ್ತದೆ.

ಇದನ್ನು ಪುಸ್ತಕದಲ್ಲಿ ಅಚ್ಚುಹಾಕಿ ಶಾಸ್ತ್ರವೆಂದು ಕರೆದದ್ದು ಆ ತರುವಾಯದ ಸಂಗತಿ. ಮುಂಬಯಿ ಇಲಾಖೆಯ ಗ್ಯಾಝೆಟಿಯರಿನ ವಿಜಾಪುರ ಸಂಪುಟವು 1884ರಲ್ಲಿ ಹೊರಬಿದ್ದಿತು. ಅದರಲ್ಲಿಯ ಜನವರ್ಣನೆಯ ಅಧ್ಯಾಯವನ್ನು ತೆರೆದು ನೋಡಿರಿ. ಒಂದೊಂದು ಜಾತಿಗೂ ಮೈಬಣ್ಣ, ಉಡುಪು, ಊಟ ಇವುಗಳನ್ನು ಹೇಳಿ, ಸ್ವಭಾವವನ್ನು ನಾಲ್ಕಾರು ಗುಣವಾಚಕಗಳಲ್ಲಿ ಮುಗಿಸಿದ್ದಾರೆ. ಸಾವಿರಾರು ಹೆಂಗಸರು, ಗಂಡಸರು, ಮುದುಕರು, ಕೂಸುಗಳು ಇವರೆಲ್ಲರ ಗುಣವೂ ಒಂದೇ ವಾಕ್ಯದಲ್ಲಿ! ಆ ಗ್ರಂಥದಿಂದ ನಮ್ಮ ಇತಿಹಾಸಕ್ಕೆ ಉಪಕಾರವಾದದ್ದು ನಿಜ. ಆದರೆ ಆ ವಾಕ್ಯಗಳನ್ನು ಅಧಿಕಾರಿಯು ಓದಿದನು, ಫೌಜದಾರನು ಕೇಳಿದನು, ಕೊನೆಗೆ ನಮ್ಮವರೂ ತಮ್ಮ ನೆರೆಯವರ ವಿಷಯದಲ್ಲಿ ಅವುಗಳನ್ನೇ ನಂಬಿದರು.

ಪುಸ್ತಕದಿಂದ ಕಾಯಿದೆಗೆ ಒಂದೇ ಹೆಜ್ಜೆ. 1871ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ ಹುಟ್ಟಿತು. 1911ರಲ್ಲಿ ಹೊಸ ಕಾಯಿದೆಯಾಗಿ ಮುಂಬಯಿ ಇಲಾಖೆಗೂ ಬಂದಿತು. ನೇಕಾರನ ಮಗನು ನೇಯುವಂತೆ, ಬಡಿಗನ ಮಗನು ಮರ ಕೆತ್ತುವಂತೆ ಕಳ್ಳನ ಮಗನು ವಂಶಪರಂಪರೆಯಿಂದ ಕಳ್ಳನೇ ಎಂಬುದು ಅದರ ಬುಡದಲ್ಲಿದ್ದ ತರ್ಕ. ರಬಕವಿ-ಬನಹಟ್ಟಿಯ ಯಾವ ನೇಕಾರನನ್ನಾದರೂ ಕೇಳಿ ನೋಡಿರಿ. ಅವನ ಮಗನು ನೇಯುವದು ರಕ್ತದಲ್ಲಿ ನೂಲು ಇರುವದರಿಂದಲ್ಲ, ಮನೆಯಲ್ಲಿ ಮಗ್ಗ ಇರುವದರಿಂದ. ಮಗ್ಗದಿಂದ ಹೊಟ್ಟೆ ತುಂಬದಾದಾಗ ಅವನೂ ಬೇರೆ ಕಸುಬನ್ನು ಹುಡುಕುತ್ತಾನೆ. ಇಷ್ಟು ಸರಳವಾದ ಮಾತು ಕಾಯಿದೆ ಮಾಡಿದ ಪಂಡಿತರಿಗೆ ಹೊಳೆಯಲಿಲ್ಲ.

ಈ ಕಾಯಿದೆಯು ನಡೆದ ರೀತಿಯನ್ನು ನಮ್ಮ ಓದುಗರು ಚೆನ್ನಾಗಿ ತಿಳಿದುಕೊಳ್ಳಬೇಕು. ಸರಕಾರವು ಒಂದು ಪ್ರಕಟನೆಯಿಂದ ಇಡೀ ಕುಲವನ್ನು ಅಪರಾಧಿಯೆಂದು ಸಾರಬಹುದಾಗಿತ್ತು. ಅದನ್ನು ಯಾವ ಕೋರ್ಟಿನಲ್ಲಿಯೂ ಪ್ರಶ್ನಿಸಲು ಬರುತ್ತಿರಲಿಲ್ಲ. ಕುಲದವರ ಹೆಸರುಗಳನ್ನು ದಾಖಲೆ ಪುಸ್ತಕದಲ್ಲಿ ಬರೆದು ಬೆರಳಿನ ಗುರುತು ತೆಗೆದುಕೊಳ್ಳುತ್ತಿದ್ದರು. ಗೊತ್ತಾದ ವೇಳೆಗೆ ಹಾಜರಿ ಕೊಡಬೇಕು. ಚೀಟಿಯಿಲ್ಲದೆ ಊರು ಬಿಡಕೂಡದು. ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ಬೇರೆಯಿಡಲು ಕೂಡ ಅಧಿಕಾರವಿತ್ತು. ವಿಜಾಪುರ, ಹುಬ್ಬಳ್ಳಿ, ಗದಗುಗಳಲ್ಲಿ ಸೆಟ್ಲಮೆಂಟುಗಳು ಏರ್ಪಟ್ಟವು. ಗಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರು ಮೊದಲಾದವರು ಅವುಗಳಲ್ಲಿ ಬಂದು ಬಿದ್ದರು. ಹುಬ್ಬಳ್ಳಿಯಲ್ಲಿ ಆ ಓಣಿಗೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು.

ಒಬ್ಬ ಗಂಟಿಚೋರನು ಮಗಳ ಜಡ್ಡಿಗಾಗಿ ನೆರೆಯೂರಿನ ವೈದ್ಯನಲ್ಲಿಗೆ ಹೋಗಿ ರಾತ್ರಿಯ ಹಾಜರಿಗೆ ತಪ್ಪಿದನೆಂದು ಭಾವಿಸಿರಿ. ಹಾಜರಿ ತಪ್ಪುವದೇ ಅಪರಾಧ. ಅವನಿಗೆ ಶಿಕ್ಷೆಯಾಯಿತು. ವರ್ಷದ ಕೊನೆಗೆ ಶಿಕ್ಷೆ ಹೊಂದಿದವರ ಲೆಕ್ಕದಲ್ಲಿ ಅವನ ಹೆಸರೂ ಸೇರಿತು. ಆ ಲೆಕ್ಕವನ್ನು ನೋಡಿದವರು, ‘ನೋಡಿರಿ, ಈ ಕುಲದಲ್ಲಿ ಎಷ್ಟು ಜನ ಅಪರಾಧಿಗಳು!’ ಎಂದರು. ಜೈಲು ಕಂಡು ಬಂದವನಿಗೆ ಯಾವ ಒಕ್ಕಲಿಗನೂ ಕೂಲಿ ಕೊಡಲಿಲ್ಲ, ಯಾವ ಅಂಗಡಿಕಾರನೂ ಉದ್ರಿ ಕೊಡಲಿಲ್ಲ. ಹಸಿದವನು ಒಂದು ದಿನ ನಿಜವಾಗಿಯೇ ಕದ್ದರೆ, ‘ನಾವು ಮೊದಲೇ ಹೇಳಲಿಲ್ಲವೇ?’ ಎಂದು ಊರೆಲ್ಲ ತಲೆದೂಗಿತು. ಹೀಗೆ ಪಡಿಯಚ್ಚು ಪೂರ್ವಗ್ರಹವನ್ನು ಸಾಕಿತು, ಪೂರ್ವಗ್ರಹವು ಕಾಯಿದೆಯನ್ನು ಮಾಡಿಸಿತು, ಕಾಯಿದೆಯು ಮತ್ತೆ ಪಡಿಯಚ್ಚಿಗೆ ಸಾಕ್ಷಿಯನ್ನು ಒದಗಿಸಿತು. ಗಾಣದ ಎತ್ತಿನಂತೆ ಇದು ಸುತ್ತಿದಲ್ಲಿಯೇ ಸುತ್ತುವದು. ನೊಗದಲ್ಲಿ ಸಿಕ್ಕ ಮನುಷ್ಯನಿಗೆ ಹೊರಬೀಳುವ ದಾರಿಯಿಲ್ಲ.

ಮುಂಬಯಿ ಸರಕಾರವು ಈ ಕಾಯಿದೆಯನ್ನು 1949ರಲ್ಲಿ ತೆಗೆದುಹಾಕಿತು. 1952ರ ಅಗಸ್ಟ 31ರಂದು ದೇಶದಲ್ಲೆಲ್ಲ ಅದು ರದ್ದಾಯಿತು. ಕಾಯಿದೆಯನ್ನು ರದ್ದುಮಾಡಲು ಒಂದು ಸಹಿ ಸಾಕು. ಮನಸ್ಸಿನಲ್ಲಿ ಎರಕಹೊಯ್ದ ತಗಡನ್ನು ಯಾವ ಸಹಿ ತೆಗೆಯಬಲ್ಲದು? 2024ರ ಅಕ್ಟೋಬರ 3ರಂದು ಸುಪ್ರೀಮ್ ಕೋರ್ಟು ಸೆರೆಮನೆಗಳಲ್ಲಿ ಜಾತಿಗನುಗುಣವಾಗಿ ಕೆಲಸ ಹಂಚುವ ನಿಯಮಗಳನ್ನು ರದ್ದುಪಡಿಸಿ ತೀರ್ಪು ಕೊಟ್ಟಿತು. ವಿಮುಕ್ತ ಕುಲಗಳವರನ್ನು ಹುಟ್ಟಿನಿಂದಲೇ ರೂಢಿಯ ಅಪರಾಧಿಗಳೆಂದು ಎಣಿಸುವ ಮಾತುಗಳು ಸೆರೆಮನೆಯ ಕೈಪಿಡಿಗಳಲ್ಲಿ ಅಂದಿನವರೆಗೂ ಉಳಿದಿದ್ದವು. ಕಾಯಿದೆಯು ಸತ್ತು 72 ವರ್ಷಗಳಾದ ಮೇಲೂ ಅದರ ನೆರಳು ಗೋಡೆಯ ಮೇಲಿತ್ತು.

ಇನ್ನು ಹೆಸರಿನ ವಿಚಾರ. ಗಂಟಿಚೋರ ಎಂದರೆ ಗಂಟು ಕದಿಯುವವನು. ಕರ್ನಾಟಕದ ಪರಿಶಿಷ್ಟ ಜಾತಿಗಳ ಯಾದಿಯಲ್ಲಿ ಈ ಹೆಸರೇ ಇಂದಿಗೂ ಅಚ್ಚಾಗಿದೆ. ಬೈಗುಳವೇ ಕುಲನಾಮವಾಗಿ, ಕುಲನಾಮವೇ ಸರಕಾರಿ ದಾಖಲೆಯಾಗಿ ಕುಳಿತಿದೆ. ಹೆಸರನ್ನು ಬಿಟ್ಟರೆ ಮಗುವಿಗೆ ಶಿಷ್ಯವೇತನವಿಲ್ಲ, ಮೀಸಲಾತಿಯಿಲ್ಲ. ಹಿಡಿದರೆ ತರಗತಿಯಲ್ಲಿ ತಲೆಯೆತ್ತುವಂತಿಲ್ಲ. ಹೆಸರುಗಳು ಎಷ್ಟು ಕೃತಕವಾದವು ಎಂಬುದಕ್ಕೆ ಇನ್ನೊಂದು ನಿದರ್ಶನ: ಮಹಾರಾಷ್ಟ್ರದ ಯಾದಿಯಲ್ಲಿ ಬೇರಡರು ವಿಮುಕ್ತ ಜಾತಿ, ಅದೇ ಬೇಡರು ಕರ್ನಾಟಕದಲ್ಲಿ 1991ರಿಂದ ಪರಿಶಿಷ್ಟ ಪಂಗಡ. ಮನುಷ್ಯರು ಅವರೇ, ನೆಂಟಸ್ತಿಕೆಯೂ ಗಡಿಯ ಎರಡೂ ಬದಿಗೆ ಇದೆ. ನಡುವೆ ಇರುವದು ಕಾಗದದ ಮೇಲಿನ ಗೆರೆ.

ಇಲ್ಲಿಯವರೆಗೆ ಪರಕೀಯ ಸರಕಾರದ ಮೇಲೆ ದೋಷ ಹೊರಿಸಿದ್ದಾಯಿತು. ಕನ್ನಡಿಗರಾದ ನಾವು ನಾವೇ ಒಬ್ಬರ ಮೇಲೊಬ್ಬರು ಒತ್ತಿದ ಮುದ್ರೆಗಳ ಗತಿಯೇನು? ಪಟವರ್ಧನರ ಜಮಖಂಡಿಯಲ್ಲಿಯೂ ಘೋರ್ಪಡೆಯವರ ಮುಧೋಳದಲ್ಲಿಯೂ ದರಬಾರದ ಭಾಷೆ ಮರಾಠಿಯಾಗಿದ್ದಾಗ, ಕನ್ನಡವು ಹೊಲಮನೆಯವರ ಮಾತು, ಅದರಲ್ಲಿ ಘನವಾದದ್ದೇನೂ ಇಲ್ಲವೆಂಬ ತಾತ್ಸಾರವು ಸುಶಿಕ್ಷಿತರಲ್ಲಿತ್ತು. ಎಲ್ಲಕ್ಕೂ ಕೆಟ್ಟದ್ದೆಂದರೆ ಅದನ್ನು ಕನ್ನಡಿಗರೇ ನಂಬಿದ್ದರು. ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆಯಬೇಕಾದದ್ದು ಈ ನಂಬಿಕೆಯನ್ನು ಕೀಳುವದಕ್ಕಾಗಿಯೇ. ಮುದ್ರೆಯು ಪೂರ್ಣವಾಗಿ ಗೆದ್ದಿತೆಂದು ತಿಳಿಯುವದು ಯಾವಾಗ? ಯಾರ ಮೇಲೆ ಅದನ್ನು ಒತ್ತಿದರೋ ಅವರೇ ಅದನ್ನು ತಮ್ಮ ಮುಖವೆಂದು ಭಾವಿಸಿದಾಗ.

ಏಕೀಕರಣದ ಕಾಲದಲ್ಲಿಯೂ ಇಂಥ ಅಂಜಿಕೆಗಳು ಅಡ್ಡ ನಿಂತವು. ಉತ್ತರದವರು ಬಂದರೆ ಒಂದೇ ಜಾತಿಯ ಪ್ರಾಬಲ್ಯವಾಗುವದೆಂದು ಮೈಸೂರಿನ ಕೆಲವರು ಅಂಜಿದರು. 1955ರಲ್ಲಿ ವರದಿಯೊಪ್ಪಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗವು ಈ ಅಂಜಿಕೆಯನ್ನು ಲೆಕ್ಕದಿಂದ ಪರೀಕ್ಷಿಸಿತು. ಒಂದುಗೂಡಿದ ರಾಜ್ಯದಲ್ಲಿ ಲಿಂಗಾಯತರು ನೂರಕ್ಕೆ 20ಕ್ಕಿಂತ ತುಸು ಹೆಚ್ಚು, ಒಕ್ಕಲಿಗರು 13-14, ಹರಿಜನರು 17-18 ಆಗಬಹುದೆಂದು ಅಂದಾಜು ಕೊಟ್ಟು, ಯಾವ ಒಂದು ಪಂಗಡವೂ ಉಳಿದವರನ್ನು ಮೆಟ್ಟುವಂತಿಲ್ಲವೆಂದು ತೋರಿಸಿತು. 1956ರ ನವೆಂಬರ 1ರಂದು ರಾಜ್ಯವು ಒಂದಾಯಿತು. ಮನಸ್ಸುಗಳು ಒಂದಾದವೇ? ಉತ್ತರದವನು ಗಡುಸು, ಹುಂಬ. ದಕ್ಷಿಣದವನು ನಯವಾದ ಮಾತಿನ ವಂಚಕ: ಈ ಎರಡು ತಗಡುಗಳೂ ಇಂದಿಗೂ ಅಚ್ಚು ತೆಗೆಯುತ್ತಲೇ ಇವೆ. ನಮ್ಮ ಕಡೆಯ ಮಾತನ್ನು ಸಿನಿಮಾದಲ್ಲಿ ಎಷ್ಟೋ ಸಲ ನಗೆಗಾಗಿಯೇ ಇಡುತ್ತಾರೆ. ನಮ್ಮವರೂ ಬೆಂಗಳೂರಿನವರನ್ನು ಮುಖ ನೋಡದೆಯೇ ಅಳೆಯುತ್ತಾರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ನಾಡೆಂದು ಗುರುತಿಸಿದ ಸೀಮೆಯಲ್ಲಿ ಕಿಸುವೊಳಲು, ಅಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು ಸೇರಿದೆಯೆಂಬುದನ್ನು ನಗುವವರು ಅರಿಯರು. ನಗಿಸಿಕೊಳ್ಳುವವರೂ ಅರಿಯರೆಂಬುದು ಹೆಚ್ಚಿನ ದುಃಖ.

ಮುಧೋಳದ ನೆಲದಲ್ಲಿಯೇ ಇದಕ್ಕೊಂದು ಹಳೆಯ ಉತ್ತರವಿದೆ. ಅಲ್ಲಿಯ ಬೆಳಗಲಿಯ ಬಳೆಗಾರರ ಮನೆಯಲ್ಲಿ ಕ್ರಿ. ಶ. 949ರಲ್ಲಿ ರನ್ನನು ಹುಟ್ಟಿದನು. ಬಳೆ ಮಾರುವವರ ಹುಡುಗನಿಗೆ ಕಾವ್ಯವೇತಕ್ಕೆ ಎಂದು ಅಂದಿನವರೂ ಕೇಳಿರಬಹುದು. ಅವನು ಕಲಿಯಲು ದೂರ ಹೋದನು, ಗುರುಗಳನ್ನು ಪಡೆದನು, ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದನು. ತನ್ನ ಕುಲವನ್ನು ಮರೆಮಾಚದೆ ತನ್ನ ಕಾವ್ಯದಲ್ಲಿಯೇ ಹೇಳಿಕೊಂಡನು. ಕುಲವನ್ನು ನೋಡಿ ಯಾರಾದರೂ ಬಾಗಿಲು ಮುಚ್ಚಿದ್ದರೆ ಕನ್ನಡಕ್ಕೆ ‘ಗದಾಯುದ್ಧ’ವಿರುತ್ತಿರಲಿಲ್ಲ. ಮುಚ್ಚಿದ ಬಾಗಿಲುಗಳ ಹಿಂದೆ ಎಷ್ಟು ರನ್ನರು ಕಳೆದುಹೋದರೋ ಲೆಕ್ಕವಿಟ್ಟವರಿಲ್ಲ.

ಹಾಗಾದರೆ ಉಪಾಯವೇನು? ಬಸ್ಸಿನಲ್ಲಿ ನಮ್ಮ ಕೈ ಮಾಡಿದ ಕೆಲಸಕ್ಕೆ ಶಾಸ್ತ್ರಜ್ಞರಲ್ಲಿ ಸಮಾಧಾನವಿದೆ, ಎಚ್ಚರಿಕೆಯೂ ಇದೆ. ಪೂರ್ವಗ್ರಹವುಳ್ಳವರಿಗೂ ಇಲ್ಲದವರಿಗೂ ಸಮಾಜದ ಪಡಿಯಚ್ಚುಗಳು ಸಮನಾಗಿಯೇ ಗೊತ್ತಿರುತ್ತವೆ, ಅವು ತಾವಾಗಿ ಎದ್ದು ನಿಲ್ಲುತ್ತವೆ ಎಂದು ಪೆಟ್ರೀಶಿಯಾ ಡಿವೈನ್ ಎಂಬ ವಿದುಷಿಯು 1989ರಲ್ಲಿ ತೋರಿಸಿದಳು. ಎದ್ದು ನಿಂತದ್ದನ್ನು ಗುರುತಿಸಿ ಒಲ್ಲೆನೆನ್ನುವದರಲ್ಲಿಯೇ ಭೇದವಿದೆ. ಪಡಿಯಚ್ಚು ಗೊತ್ತಿರುವದು ಪಾಪವಲ್ಲ. ಅದಕ್ಕೆ ಅಧಿಕಾರ ಕೊಡುವದು ಪಾಪ. ಹೊಗಳಿಕೆಯ ಮುದ್ರೆಗೂ ಇದೇ ಮಾತು ಸಲ್ಲುವದು. ಬೇಡರೆಂದರೆ ಶೂರರು ಎಂದು ಹಾಡುವದು ಚಂದ. ಆದರೆ ಬೇಡರ ಹುಡುಗನು ಗಣಿತದಲ್ಲಿ ಮುಂದಾದರೆ ಆಶ್ಚರ್ಯಪಡುವವನೂ ಮುದ್ರೆಗೇ ದಾಸನು.

ಎರಡನೆಯದು, ಕೂಡಿ ದುಡಿಯುವದು. ಬರಿಯ ಪರಿಚಯದಿಂದ ಪೂರ್ವಗ್ರಹ ಹೋಗುವದಿಲ್ಲ; ಒಡೆಯನೂ ಆಳೂ ದಿನಾಲು ಮುಖ ನೋಡುತ್ತಲೇ ಇರುತ್ತಾರಲ್ಲ! ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ, ಹಿರಿಯರ ಮತ್ತು ಕಾಯಿದೆಯ ಬೆಂಬಲ ಈ ನಾಲ್ಕೂ ಇದ್ದಲ್ಲಿ ಭೇಟಿಯು ಫಲಿಸುವದೆಂದು ಗೋರ್ಡನ್ ಆಲ್‌ಪೋರ್ಟನು 1954ರಲ್ಲಿ ಬರೆದನು. ಒಂದೇ ಗುರಿಗೆ ಕೂಡಿ ದುಡಿಯುವ ಶಕ್ತಿಯು ನಮ್ಮ ಜನರಿಗಿದೆ. ಸರಕಾರದ ದಾರಿ ಕಾಯದೆ ಜಮಖಂಡಿ ಸೀಮೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ವಂತಿಗೆ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ನೀರಿಗಾಗಿ ಆದದ್ದು ನೆರೆಯವನ ಮಾನಕ್ಕಾಗಿ ಏಕೆ ಆಗಬಾರದು? ಆದರೆ ಹೊಲವಿಲ್ಲದವನಿಗೂ ಪಂಕ್ತಿಯಲ್ಲಿ ಸಮಾನ ಸ್ಥಾನವಿದ್ದರೆ ಮಾತ್ರ ಅಂಥ ದುಡಿಮೆಯು ಪೂರ್ಣವಾಗುವದು.

ಶಿಕ್ಷಕ ಬಂಧುಗಳಲ್ಲಿ ನಮ್ಮ ಬಿನ್ನಹವು ಚಿಕ್ಕದು. ಶಿಷ್ಯವೇತನದ ಅರ್ಜಿ ಹಂಚುವಾಗ ಜಾತಿಯ ಹೆಸರನ್ನು ತರಗತಿಯಲ್ಲಿ ಕೂಗಿ ಹೇಳಬೇಡಿರಿ. ಆ ಮಗುವನ್ನು ಬೇರೆ ಕರೆದು ಕೊಡಿರಿ. ಪೆನ್ನು ಕಳೆದರೆ ಮೊದಲು ಯಾರ ಚೀಲವನ್ನು ತಡಕಬೇಕೆಂದು ನಿಮ್ಮ ಮನಸ್ಸು ಹೇಳುವದೋ ಆ ಚೀಲವನ್ನು ಮುಟ್ಟುವ ಮೊದಲು ಒಂದು ಗಳಿಗೆ ತಡೆಯಿರಿ. ಇತಿಹಾಸದ ಪಾಠದಲ್ಲಿ ಹಲಗಲಿಯ ಹತ್ತೊಂಬತ್ತು ಜನರನ್ನು ಹೇಳುವಾಗ ಸೆಟ್ಲಮೆಂಟಿನ ಹಾಜರಿಯನ್ನೂ ಹೇಳಿರಿ. ವಿಮುಕ್ತರ ಹೆಸರುಗಳನ್ನು ಬದಲಿಸಿ, ಸೌಲಭ್ಯ ತಪ್ಪದಂತೆ ಮಾನವುಳ್ಳ ಹೆಸರನ್ನು ಅವರೇ ಆರಿಸಿಕೊಳ್ಳಲೆಂದು ಪುರಸಭೆಗಳೂ ಸಂಘಗಳೂ ಸರಕಾರಕ್ಕೆ ಬರೆಯಲಿ.

ಹಾಸು ಒಂದು ಕೈಯದು, ಹೊಕ್ಕು ಇನ್ನೊಂದು ಕೈಯದು ಎಂದು ಬನಹಟ್ಟಿಯ ಸೀರೆಯನ್ನು ಯಾರೂ ಹರಿದು ನೋಡುವದಿಲ್ಲ. ನಾಡು ಒಂದಾಗಿ ಏಳು ದಶಕಗಳಾಗುತ್ತ ಬಂದವು. ಆ ವೃದ್ಧನು ಇನ್ನೊಮ್ಮೆ ನಮ್ಮ ಪಕ್ಕದಲ್ಲಿ ಬಂದು ಕುಳಿತರೆ ನಮ್ಮ ಚೀಲವು ಕಾಲಬಳಿಯಲ್ಲಿಯೇ ಇರಬೇಕು. ಅಂದು ಏಕೀಕರಣದ ಕೆಲಸವು ಒಂದು ಗೇಣಿನಷ್ಟಾದರೂ ಮುಂದೆ ಹೋದಂತಾಗುವದು.